ಬೆಲ್ಟಿಗೆ ಬಾಲದ ಕೊಬ್ಬು

ಅಕ್-ತೆರೆಕ್ ಊರಿನ ಹುಂಜಗಳು ಕೂಗುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಕೂಗುವ ಅಗತ್ಯವೇ ಬೀಳುತ್ತಿರಲಿಲ್ಲ. ಬೆಳಗ್ಗೆ ಕಲ್ಮುರಾತ್ ತನ್ನ ಹಳೇ ವ್ಯಾನನ್ನು ಚಾಲೂ ಮಾಡಿದರೆ ಸಾಕು, ಎಂಜಿನ್ನಿನೊಳಗಿಂದ ಹೊರಟ ಕಿರುಚಾಟ ನದಿ ದಾಟಿ, ಎದುರು ಬೆಟ್ಟಕ್ಕೆ ಬಡಿದು, ಮರಳಿ ಬಂದು ಊರನ್ನು ಎರಡನೇ ಸಲ ಎಬ್ಬಿಸುತ್ತಿತ್ತು. ಮೇಲಿನ ಹುಲ್ಲುಗಾವಲಿನ ಹೆಣ್ಣುಕುದುರೆಗಳು ಬೆದರಿ ಹಾಲು ಇಳಿಸದೆ ಏರಿಸಿಕೊಂಡವು. ಹಿಮಚಿರತೆಯೊಂದು ಸಂಸಾರ ಸಮೇತ ಗಡಿ ದಾಟಿ ಹೋಯಿತೆಂದು ಕುರಿ ಕಾಯುವವರು ಹೇಳಿದರು. ಅವರು ಸುಳ್ಳು ಹೇಳುವ ಪೈಕಿಯವರಲ್ಲ.

ಕಲ್ಮುರಾತ್ ಕೈಕಟ್ಟಿ ಕೂತಿದ್ದನೆಂದಲ್ಲ. ಎರಡು ಸಲ ಎಂಜಿನ್ನಿಗೆ ಹೊಸ ಬೆಲ್ಟು ಹಾಕಿದ. ಒಂದೊಂದೂ ವಾರದ ಮಟ್ಟಿಗೆ ತೆಪ್ಪಗಿದ್ದು ಆಮೇಲೆ ಬಾಯಿ ತೆರೆಯಿತು. ಮೂರನೆಯದನ್ನು ತಂದು ಸೀಟಿನ ಕೆಳಗಿಟ್ಟ, ಹಾಕಲು ಮನಸ್ಸು ಬರಲಿಲ್ಲ. ಕೊನೆಗೆ ಮನೆಮದ್ದಿಗೆ ಕೈಹಾಕಿದ. ಆ ಸೀಮೆಯಲ್ಲಿ ಕುರಿಯ ದಪ್ಪ ಬಾಲದಲ್ಲಿ ತುಂಬಿರುವ ಕೊಬ್ಬು ಸಕಲ ರೋಗಕ್ಕೂ ಮದ್ದು. ಕೆಮ್ಮಿದರೆ ಎದೆಗೆ, ಒಡೆದರೆ ಹಿಮ್ಮಡಿಗೆ, ಕಿರ್ರೆಂದರೆ ಬಾಗಿಲಿಗೆ. ಕಲ್ಮುರಾತ್ ಒಂದು ಮುಷ್ಟಿ ಕೊಬ್ಬನ್ನು ಬೆಲ್ಟಿಗೆ ಸವರಿದ.

ಕಿರುಚಾಟ ನಿಂತಿತು. ಅರ್ಧ ದಿನ ಅವನು ಮೀಸೆ ತಿರುವಿಕೊಂಡು ಊರೆಲ್ಲ ಸುತ್ತಿದ. ಮಧ್ಯಾಹ್ನದ ಹೊತ್ತಿಗೆ ಕೊಬ್ಬು ಕಾಯಿತು, ಹೊಗೆ ಎದ್ದಿತು, ಕಿರುಚಾಟ ಇಮ್ಮಡಿಯಾಗಿ ಮರಳಿತು. ಹುರಿದ ಮಾಂಸದ ಘಮಕ್ಕೆ ಏಳು ಹಳ್ಳಿಯ ನಾಯಿಗಳು ವ್ಯಾನಿನ ಹಿಂದೆ ಮೆರವಣಿಗೆ ಹೊರಟವು.

ಬೇರೆ ದಿನವಾಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಮರುದಿನ ಬೆಳಗ್ಗೆ ಹತ್ತಕ್ಕೆ ಅವನ ತಾಯಿ ಬುರುಲ್ಚಾ ಅಜ್ಜಿ ಕೋಕ್-ಬೆಲ್ ಘಾಟಿಯ ಆಚೆಗಿನ ಪೇಟೆಯಲ್ಲಿ ಇರಬೇಕಿತ್ತು. ಕಣ್ಣಿನ ಪೊರೆ ತೆಗೆಯುವ ವೈದ್ಯರು ರಾಜಧಾನಿಯಿಂದ ಅಲ್ಲಿಗೆ ವರ್ಷಕ್ಕೊಮ್ಮೆ, ಒಂದೇ ಒಂದು ದಿನ ಬರುತ್ತಿದ್ದರು. ಅಜ್ಜಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೋದ ಸಲ ಹಿಮ ಬಿದ್ದು ದಾರಿ ಮುಚ್ಚಿತ್ತು. ಈ ಸಲವೂ ತಪ್ಪಿದರೆ ಇನ್ನೊಂದು ವರ್ಷ ಹೀಗೆಯೇ. ಊರಿನ ಮಿಕ್ಕ ಗಾಡಿಗಳೆಲ್ಲ ಬೇಸಿಗೆಯ ಹುಲ್ಲುಗಾವಲಿಗೆ ಹೋಗಿದ್ದವು. ಉಳಿದದ್ದು ಇದೊಂದೇ.

ಅಂಗಳದಲ್ಲಿ ವ್ಯಾನು ನಿಲ್ಲಿಸಿ ಮತ್ತೊಂದು ಉಂಡೆ ಕೊಬ್ಬು ಕೈಗೆತ್ತಿಕೊಳ್ಳುವಾಗ ನಾಯಿಗಳನ್ನು ಸರಿಸುತ್ತ ಜೂರಕಾನ್ ಬಂದಳು. ಅವನ ಅಣ್ಣನ ಹೆಂಡತಿ, ಪಕ್ಕದ ಮನೆಯವಳು. ಸಾಮೂಹಿಕ ಕೃಷಿಯ ಕಾಲದಲ್ಲಿ ಇಪ್ಪತ್ತು ವರ್ಷ ಟ್ರಾಕ್ಟರ್ ರಿಪೇರಿ ಮಾಡಿದವಳು. ಅವಳು ಬರೀ ಕಣ್ಣಲ್ಲೇ ಗದರಿಸಿದರೆ ಕೆಟ್ಟ ಟ್ರಾಕ್ಟರುಗಳು ತಾವಾಗಿಯೇ ಹೊರಡುತ್ತಿದ್ದವಂತೆ.

"ಏನೋ ಮೈದುನ, ವ್ಯಾನು ಓಡಿಸ್ತಿದ್ದೀಯೋ, ಕಬಾಬು ಮಾರ್ತಿದ್ದೀಯೋ?"

"ನಗಬೇಡ ಅತ್ತಿಗೆ. ಬೆಲ್ಟು ಒಣಗಿದೆ. ಇನ್ನೊಂಚೂರು ಸವರಿದ್ರೆ ನಾಳೆ ಘಾಟಿ ದಾಟಿಸುತ್ತೆ."

"ಕೊಬ್ಬು ಬಿದ್ದ ಬೆಲ್ಟು ಇನ್ನೂ ಜಾಸ್ತಿ ಜಾರುತ್ತೆ. ರಬ್ಬರು ಊದಿಕೊಂಡು ಹರಿದೂ ಹೋಗುತ್ತೆ."

"ಬರೀ ಸದ್ದು ತಾನೆ. ರೇಡಿಯೋ ಜೋರಾಗಿ ಹಾಕ್ಕೋತೀನಿ ಬಿಡು."

"ಹಾಕ್ಕೋ. ನಿನ್ನ ವ್ಯಾನಲ್ಲಿ ಬ್ಯಾಟರಿಗೆ ಕರೆಂಟು ಕೊಡೋ ಆಲ್ಟರ್ನೇಟರು, ಎಂಜಿನ್ ತಣ್ಣಗಿಡೋ ನೀರಿನ ಪಂಪು, ಸ್ಟೀರಿಂಗು ಹಗುರ ಮಾಡೋ ಪಂಪು, ಮೂರನ್ನೂ ತಿರುಗಿಸೋದು ಆ ಒಂದೇ ಬೆಲ್ಟು. ಘಾಟೀಲಿ ನಲವತ್ತು ತಿರುವು. ಹತ್ತನೇದ್ರಲ್ಲಿ ಬೆಲ್ಟು ಹರಿದ್ರೆ ಸ್ಟೀರಿಂಗು ಕಲ್ಲಾಗುತ್ತೆ, ನೀರು ಕುದಿಯುತ್ತೆ. ಆಮೇಲೆ ಅತ್ತೇನ ಯಾರು ಹೊರ್ತಾರೆ, ಈ ನಾಯಿಗಳಾ?"

ಬಿಸಿಲಲ್ಲಿ ಕೂತು ಕುದುರೆಹಾಲಿನ ಕುಮಿಸ್ ಕಡೆಯುತ್ತಿದ್ದ ಬುರುಲ್ಚಾ ಅಜ್ಜಿ ಕೋಲು ನಿಲ್ಲಿಸಿದಳು. "ಹುಟ್ಟಿದಾಗ ನೀನೂ ಹಿಂಗೇ ಕಿರುಚ್ತಿದ್ದೆ ಕಣೋ. ಆಗ ನಿನ್ನ ಬಾಯಿಗೆ ಕೊಬ್ಬು ಮೆತ್ತಲಿಲ್ಲ ನಾನು. ಎಲ್ಲಿ ನೋಯ್ತಿದೆ ಅಂತ ಹುಡುಕಿದೆ."

ಕಲ್ಮುರಾತ್ ಕೊಬ್ಬನ್ನು ನಾಯಿಗಳಿಗೆ ಎಸೆದ. ಏಳು ಹಳ್ಳಿಗೂ ಸಾಕಾಯಿತು.

ಜೂರಕಾನ್ ಕಿವಿಯ ಬೆಳ್ಳಿ ಓಲೆ ಬಿಚ್ಚಿದಳು, ಜಡೆಯನ್ನೂ ತಲೆವಸ್ತ್ರದ ತುದಿಯನ್ನೂ ಕುತ್ತಿಗೆಯ ಹಿಂದೆ ಬಿಗಿಯಾಗಿ ಕಟ್ಟಿದಳು. "ನಿನ್ನ ತಾಯಿತಾನೂ ಬಿಚ್ಚು," ಅಂದಳು. "ತಿರುಗೋ ಬೆಲ್ಟು ತಾಯಿತ ಎಳ್ಕೊಂಡ್ರೆ, ಅದರ ಹಿಂದೆ ಕತ್ತೂ ಹೋಗುತ್ತೆ."

ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಜಿಡ್ಡಿನ ಬೆಲ್ಟನ್ನು ಬಿಚ್ಚಿ ಎಸೆದರು. ಬೆಲ್ಟನ್ನು ಹೊತ್ತು ತಿರುಗುವ ಚಕ್ರಗಳಾದ ಪುಲ್ಲಿಗಳನ್ನು ಸೋಪಿನ ನೀರಲ್ಲಿ ಉಜ್ಜಿ ಒರೆಸಿದರು. ಸೀಟಿನ ಕೆಳಗಿದ್ದ ಮೂರನೇ ಬೆಲ್ಟನ್ನು ಹಾಕಿದರು.

"ಮುಗೀತಲ್ಲ," ಅಂದ ಕಲ್ಮುರಾತ್, ಚಾಲೂ ಮಾಡುತ್ತ.

ಹೊಸ ಬೆಲ್ಟು ಒಂದು ಸುತ್ತೂ ಪೂರ್ತಿ ತಿರುಗಿರಲಿಲ್ಲ, ಕಿರುಚಿತು. ಎದುರು ಬೆಟ್ಟ ಎಂದಿನಂತೆ ಉತ್ತರ ಕೊಟ್ಟಿತು.

"ಈಗಾದ್ರೂ ಗೊತ್ತಾಯ್ತಾ, ತಪ್ಪು ಬೆಲ್ಟಿಂದಲ್ಲ," ಅಂದಳು ಜೂರಕಾನ್. ಕೈ ತೊಳೆಯುವ ಉದ್ದ ಮೂತಿಯ ಹೂಜಿ ತಂದಳು. "ದೂರ ನಿಂತು, ಬೆಲ್ಟಿನ ಗೀರು ಇರೋ ಮಗ್ಗುಲಿಗೆ ಚೂರೇ ಚೂರು ನೀರು ಬಿಡ್ತೀನಿ. ನೀರು ಬಿದ್ದ ಕೂಡ್ಲೆ ಸದ್ದು ಜಾಸ್ತಿ ಆದ್ರೆ ಬೆಲ್ಟು ಸಡಿಲವಾಗಿ ಜಾರ್ತಿದೆ ಅಂತ. ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾದ್ರೆ ಯಾವುದೋ ಪುಲ್ಲಿ ಸಾಲು ತಪ್ಪಿ ವಾಲಿದೆ ಅಂತ. ಏನೂ ಆಗದಿದ್ರೆ ಒಳಗಿನ ಬೇರಿಂಗುಗಳ ಮೇಲೆ ಅನುಮಾನ ಪಡಬೇಕು."

ನೀರು ಬಿತ್ತು. ಸದ್ದು ನಿಂತಿತು. ಊರು ನಿಶ್ಶಬ್ದವಾಯಿತು. ಎಲ್ಲೋ ಒಂದು ಹುಂಜ ಧೈರ್ಯ ಮಾಡಿ ಗಂಟಲು ಸರಿಮಾಡಿಕೊಂಡಿತು. ಹತ್ತು ಎಣಿಸುವಷ್ಟರಲ್ಲಿ ಕಿರುಚಾಟ ಮತ್ತೆ ಎದ್ದಿತು. ಹುಂಜ ಸುಮ್ಮನಾಯಿತು.

"ವಾಲಿದೆ," ಅಂದಳು ಜೂರಕಾನ್. "ಇರೋದು ಐದು ಪುಲ್ಲಿ. ಯಾವುದು?"

ಕಲ್ಮುರಾತ್ ಕಿವಿ ಹತ್ತಿರ ತಂದು ಬಗ್ಗಿದ. ಜೂರಕಾನ್ ಅವನ ಕಾಲರು ಹಿಡಿದು ಹಿಂದಕ್ಕೆಳೆದಳು. ಅತ್ತೆಯ ಕೈಯಿಂದ ಕುಮಿಸ್ ಕಡೆಯುವ ಉದ್ದ ಕೋಲು ತಗೊಂಡು ಒರೆಸಿದಳು. ಕಣ್ಣು ಮಸುಕಾದ ಮೇಲೆ ಕಿವಿ ಚುರುಕಾಗಿದ್ದ ಅಜ್ಜಿಯನ್ನು ಬೆಲ್ಟಿನಿಂದ ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಕೋಲಿನ ಒಂದು ತುದಿಯನ್ನು ಅವಳ ಕಿವಿಗೆ ಒತ್ತಿ ಹಿಡಿಯಲು ಹೇಳಿದಳು. ಇನ್ನೊಂದು ತುದಿಯನ್ನು ತಿರುಗುವ ಭಾಗಕ್ಕೆ ತಾಗಿಸದೆ, ಒಂದೊಂದರ ತಿರುಗದ ಜಾಗಕ್ಕೆ ಮಾತ್ರ ಇಟ್ಟಳು.

"ಇದು ಮಲಗಿರೋ ಜೇನುಗೂಡು," ಅಂದಳು ಅಜ್ಜಿ, ಆಲ್ಟರ್ನೇಟರಿಗೆ.

"ಇದು?" ಕೋಲು ನೀರಿನ ಪಂಪಿಗೆ ಹೋಯಿತು.

"ಚಹಾಕ್ಕಿಟ್ಟ ನೀರು. ಇನ್ನೂ ಕುದಿ ಬಂದಿಲ್ಲ."

ಬೆಲ್ಟನ್ನು ಬಿಗಿಹಿಡಿಯುವ ಪುಟ್ಟ ಪುಲ್ಲಿಯ ನಡುವಿನ ಬೋಲ್ಟಿಗೆ ಕೋಲು ತಾಗಿತು. ಅಜ್ಜಿ ಮುಖ ಕಿವುಚಿದಳು. "ಇದು ನಿಮ್ಮಪ್ಪ. ನಿದ್ದೇಲಿ ಹಲ್ಲು ಕಡೀತಿದ್ದನಲ್ಲ, ಥೇಟ್ ಅವನೇ."

ಎಂಜಿನ್ ಆರಿಸಿ, ಕೀಲಿಯನ್ನು ಜೂರಕಾನ್ ತನ್ನ ಜೇಬಿಗೆ ಹಾಕಿಕೊಂಡಳು. ಬೆಲ್ಟು ಬಿಚ್ಚಿ, ಎಂಜಿನ್ನಿಗೇ ಕೂಡಿದ್ದ ದೊಡ್ಡದನ್ನು ಬಿಟ್ಟು ಉಳಿದ ನಾಲ್ಕು ಪುಲ್ಲಿಯನ್ನೂ ಬೆರಳಲ್ಲಿ ತಿರುಗಿಸಿದಳು. ಮಿಕ್ಕವು ಸದ್ದಿಲ್ಲದೆ ತಿರುಗಿದವು. ಪುಟ್ಟದು ಬೀಸುಕಲ್ಲಿನಂತೆ ಗರಗರ ಅಂದಿತು, ಹಿಡಿದು ಅಲ್ಲಾಡಿಸಿದರೆ ಹಾಲುಹಲ್ಲಿನಂತೆ ಆಡಿತು. ಅದರ ಬೇರಿಂಗು ಸವೆದು, ಪುಲ್ಲಿ ವಾಲಿ, ಬೆಲ್ಟು ಓರೆಯಾಗಿ ಓಡುತ್ತಿತ್ತು.

ಕಲ್ಮುರಾತ್ ಅದನ್ನು ತಾನೂ ಅಲ್ಲಾಡಿಸಿ ನೋಡಿದ. "ಸುಮ್‌ಸುಮ್ನೆ ಎರಡು ಬೆಲ್ಟು ಬಿಸಾಕಿದೆನಲ್ಲ ಅತ್ತಿಗೆ."

"ಅಳ್ತಿದ್ದವನನ್ನ ಎರಡು ಸಲ ಮನೆಯಿಂದ ಆಚೆ ಹಾಕಿದೀಯ. ಹೊಡೀತಿದ್ದವನು ಒಳಗೇ ಇದ್ದ."

"ಈಗ ಈ ಪುಲ್ಲಿ ಎಲ್ಲಿಂದ ತರ್ಲಿ? ಅದು ಸಿಗೋದು ಘಾಟಿ ಆಚೇಲಿ."

"ನನ್ನ ಹಿತ್ತಲಲ್ಲಿ ಸಿಗುತ್ತೆ. ಕೋಳಿನ ಕೇಳಬೇಕು ಅಷ್ಟೆ."

ಜೂರಕಾನ್‌ಳ ಹಿತ್ತಲಲ್ಲಿ ಇಂಥದ್ದೇ ಒಂದು ವ್ಯಾನು ಆರು ವರ್ಷದಿಂದ ಕೋಳಿಗೂಡಾಗಿತ್ತು. ಎಂಜಿನ್ನಿನ ಮೇಲೆ ಕಾವು ಕೂತಿದ್ದ ಹೇಂಟೆ ಕಲ್ಮುರಾತ್‌ನ ಕೈಗೆ ನೂರ ಎಂಟು ಸಲ ಕುಕ್ಕಿತು; ಅವನೇ ಎಣಿಸಿದ್ದು. ಅಲ್ಲಿನ ಪುಲ್ಲಿಯನ್ನೂ ಬೆರಳಲ್ಲಿ ತಿರುಗಿಸಿ, ಅಲ್ಲಾಡಿಸಿ, ಸದ್ದಿಲ್ಲವೆಂದು ಖಾತರಿ ಮಾಡಿಕೊಂಡೇ ಜೂರಕಾನ್ ಬಿಚ್ಚಿಕೊಟ್ಟಳು. ಹೊತ್ತು ಮುಳುಗುವ ಮುಂಚೆ ಅದು ಕಲ್ಮುರಾತ್‌ನ ವ್ಯಾನಿನಲ್ಲಿ ಕೂತಿತು.

ಮರುದಿನ ಬೆಳಗ್ಗೆ ವ್ಯಾನು ಘಾಟಿ ಹತ್ತಿತು. ರೇಡಿಯೋ ಹಾಕಲಿಲ್ಲ, ಕಲ್ಮುರಾತ್ ದಾರಿಯುದ್ದಕ್ಕೂ ಕಿವಿ ನೆಟ್ಟಗೆ ಮಾಡಿಕೊಂಡಿದ್ದ. ಮೂವತ್ತೊಂಬತ್ತು ತಿರುವು ಕಳೆದ ಮೇಲೆ ಅಜ್ಜಿ ಕೇಳಿದಳು: "ಯಾಕೋ, ಸದ್ದೇ ಇಲ್ಲ. ಇನ್ನೂ ಹೊರಡಲ್ವಾ?"

ಒಂಬತ್ತೂವರೆಗೆ ಅವರು ಆಸ್ಪತ್ರೆಯ ಬಾಗಿಲಲ್ಲಿದ್ದರು.

ಶಸ್ತ್ರಚಿಕಿತ್ಸೆಯ ಮರುದಿನ ದಾದಿ ಕಣ್ಣಿನ ಪಟ್ಟಿ ಬಿಚ್ಚಿದಳು. ಅಜ್ಜಿ ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. "ಇಷ್ಟೊಂದು ನರೆತಿದೀಯೇನೋ," ಅಂದಳು. ಅವನ ಕೈ ಹಿಡಿದು ವ್ಯಾನಿನವರೆಗೆ ನಡೆದು ಬಂದಳು, ನಿಂತಳು, ಬಾನೆಟ್ಟಿನ ಮೇಲೆ ಬೆರಳಾಡಿಸಿದಳು.

"ಇದೇನಿದು, ಎಲ್ಲಾ ಕಡೆ ಕೊಬ್ಬು. ನಂಗೆ ಕಾಣಲ್ಲ ಅಂತ ಹಿಂಗಿಟ್ಕೊಂಡಿದೀಯಾ? ಒರೆಸು."

ಕಲ್ಮುರಾತ್ ಒರೆಸಿದ. ಅಜ್ಜಿ ನೋಡುತ್ತಲೇ ಇದ್ದಳು. ಅವನು ಇನ್ನೊಂದು ಸಲ ಒರೆಸಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿ ಹಿಮಚಿರತೆಯನ್ನು ಓಡಿಸುವಷ್ಟು ಜೋರಾಗಿ ಕಿರುಚಬೇಕಿಲ್ಲ. ಬೆಳಗಿನ ಚಳಿಯಲ್ಲಿ, ಏರು ಹತ್ತುವಾಗ ಸಣ್ಣಗೆ ಕೀಚೆಂದರೂ ಉಪೇಕ್ಷೆ ಮಾಡಬೇಡಿ. ಬೆಲ್ಟಿಗೆ ಕೊಬ್ಬು, ಎಣ್ಣೆ, ಸೋಪು ಯಾವುದನ್ನೂ ಸವರಬೇಡಿ. ಎಂಜಿನ್ ಓಡುವಾಗ ಕೈ, ಕೂದಲು, ಸೆರಗು ದೂರವಿರಲಿ. ಮುಟ್ಟಿ ನೋಡುವ ಮುಂಚೆ ಕೀಲಿ ಜೇಬಿಗೆ ಬರಲಿ. ನಿಮಗೆ ತಿಳಿಯದಿದ್ದರೆ ತಿಳಿದವರ ಬಳಿ ಒಯ್ಯಿರಿ, ಯಾವಾಗ, ಹೇಗೆ ಕಿರುಚುತ್ತದೆಂದು ಹೇಳಿ. ಬೆಲ್ಟು ಬದಲಿಸಿಯೂ ಸದ್ದು ಮರಳಿದರೆ ಇನ್ನೊಂದು ಬೆಲ್ಟು ಕೊಳ್ಳುವ ಮುಂಚೆ ಒಂದೊಂದು ಪುಲ್ಲಿಯನ್ನೂ ತಿರುಗಿಸಿ ನೋಡಿಸಿ. ನಾಳೆ ಆ ಗಾಡಿಯಲ್ಲಿ ಯಾರನ್ನು, ಎಲ್ಲಿಗೆ ಕರೆದೊಯ್ಯಬೇಕಾಗುತ್ತದೋ ನಿಮಗೆ ಗೊತ್ತಿಲ್ಲ. ಅದನ್ನು ಇವತ್ತೇ ಸರಿಮಾಡಿಸಿಡಿ. ಕೊಬ್ಬು ಒಡೆದ ಹಿಮ್ಮಡಿಗಿರಲಿ.