ತಲೆಯ ಕಡೆಯ ಗಂಟು

"ತಲೆಯ ಕಡೆ ಗಂಟು ಹಾಕಬೇಡ ಸಾಲ್ಹಾ, ತಡಿ," ಎಂದು ನಜೀಬ್ ಬಾಗಿಲ ಹೊರಗಿನಿಂದಲೇ ಹೇಳಿದ.

ಹೆಣ ತೊಳೆಯುವ ಮುದುಕಿ ಸಾಲ್ಹಾ ಕಫನು ಬಟ್ಟೆಯ ಮೂರು ಗಂಟುಗಳಲ್ಲಿ ಎರಡನ್ನು ಬಿಗಿದಾಗಿತ್ತು; ಮುಖ ಮುಚ್ಚುವ ಮೂರನೆಯದು ಉಳಿದಿತ್ತು. "ಇನ್ನೆಷ್ಟು ತಡೀಲಿ? ಮಧ್ಯಾಹ್ನದ ನಮಾಜಿಗೆ ನಿಮ್ಮಮ್ಮ ಮಸೀದಿಯಲ್ಲಿರಬೇಕು."

ನಜೀಬ್ ಫೋನು ಕಿವಿಗೊತ್ತಿಕೊಂಡಿದ್ದ. ಆ ಕಡೆ ಇದ್ದವಳು ತೀರಿಹೋದ ತಂಗಿಯ ಮಗಳು, ಹದಿನೇಳರ ಇಸ್ರಾ. ಈಗ ಒಳಗೆ ಹೆಣವಾಗಿ ಮಲಗಿದ್ದ ಅಜ್ಜಿ ದೂಜಾಳೇ ಸಾಕಿದ ಹುಡುಗಿ. ಮೊನ್ನೆಯಿಂದ ಆಸ್ಪತ್ರೆಯ ತುರ್ತು ವಿಭಾಗದ ಬೆಂಚಿನ ಮೇಲಿದ್ದಳು.

"ಅಜ್ಜಿ ಮುಖ ನೋಡೋದು ಬೇಡ್ವೇನೇ?"

"ಬೇಕು ಮಾಮ. ಆದ್ರೆ ಎದ್ದರೆ ನನ್ನ ಹೆಸರು ಕೊನೆಗೆ ಹೋಗುತ್ತೆ. ಸ್ನಾನ ಮಾಡಿ ಬರ್ತೀನಿ, ಅಲ್ಲೀತನಕ ಏಳಬೇಡ ಅಂತ ಅಜ್ಜೀನೇ ಹೇಳಿ ಹೋಗಿದ್ದು. ಮತ್ತೆ ಮೊದಲಿಂದ ಕಾಯೋಕೆ ನನ್ನ ಕೈಲಾಗಲ್ಲ."

ನಜೀಬ್ ಗೋಡೆಗೆ ಒರಗಿದ. ನಿನ್ನೆ ಸಂಜೆ ಸ್ನಾನಕ್ಕೆಂದು ಮನೆಗೆ ಬಂದ ಅಮ್ಮ ರಾತ್ರಿ ಮಲಗಿದವಳು ಏಳಲೇ ಇಲ್ಲ. ಮೊನ್ನೆ ಇಸ್ರಾಳ ದಿಂಬಿನ ಕೆಳಗೆ ಸಿಕ್ಕ, ಅವಳೇ ಬರೆದಿಟ್ಟ ಚೀಟಿಯಲ್ಲೂ ಅದೇ ಇತ್ತು, ಕೈಲಾಗಲ್ಲ ಅಂತ.

*

ದೂಜಾ ಸ್ಫಾಕ್ಸ್ ಪಟ್ಟಣದ ಮಿಠಾಯಿ ಅಂಗಡಿಗಳಿಗೆ ಬಾದಾಮಿ ಸುಲಿದುಕೊಟ್ಟೇ ಬಾಳಿದವಳು. ವಸಂತದಲ್ಲಿ ಮೊದಲ ಸಲ ಇಸ್ರಾಳನ್ನು ಕರೆದುಕೊಂಡು ಹೋದಾಗ ಆ ಬೆಂಚಿನಲ್ಲಿ ಮೂರು ಮಕ್ಕಳಿದ್ದವು. ಈ ಸಲ ಹನ್ನೊಂದು. ನಾಲ್ಕು ನೆಲದ ಮೇಲೆ. ಮನಸ್ಸಿನ ಡಾಕ್ಟರು ಮಾತ್ರ ಆಗಲೂ ಒಬ್ಬರು, ಈಗಲೂ ಒಬ್ಬರು.

"ರಕ್ತ ಸುರಿಯೋರನ್ನ ಮೊದಲು ನೋಡ್ತಾರಮ್ಮ," ಎಂದ ಕಾವಲಿನವನು.

"ಇವು ಒಳಗೊಳಗೇ ಸುರಿಸ್ಕೊಳ್ತಿವೆ. ಅದು ಕಾಣದ ನಿನ್ನನ್ನ ಬಾಗಿಲಿಗೆ ಯಾರಪ್ಪ ನಿಲ್ಲಿಸಿದ್ದು?"

ಬೈದು, ಅವನಿಗೂ ಒಂದು ಹಿಡಿ ಬಾದಾಮಿ ಕೊಟ್ಟಳು. ಉಳಿದದ್ದನ್ನು ಮಕ್ಕಳಿಗೆ ಹಂಚಿದಳು. ತಿನ್ನದವರ ಜೇಬಿಗೆ ತುರುಕಿದಳು.

*

ನಜೀಬ್ ಹೇಳಿದಂತೆ ಹೆಣದ ವ್ಯಾನು ಮಸೀದಿಯ ದಾರಿ ಬಿಟ್ಟು ಆಸ್ಪತ್ರೆಯ ಕಡೆ ತಿರುಗಿದಾಗ ಹಿಂದೆ ಕೂತ ಗಂಡಸರು ಗೊಣಗಿದರು.

"ಆಸ್ಪತ್ರೆಯಿಂದ ಖಬರಸ್ತಾನಕ್ಕೆ ಒಯ್ಯೋದು ನೋಡಿದೀವಿ. ಇದೇನಯ್ಯಾ ಉಲ್ಟಾ?"

"ಅದೂ ಹೆಣದ ಜೊತೆ ಹೆಂಗಸನ್ನ ಕೂರಿಸ್ಕೊಂಡು."

"ಗಂಟು ಹಾಕದೆ ನನ್ನ ಕೆಲಸ ಮುಗಿಯಲ್ಲ," ಎಂದಳು ಸಾಲ್ಹಾ. "ನಿಮಗೆ ನಾಚಿಕೆಯಾದರೆ ಆ ಕಡೆ ನೋಡಿ."

ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. "ಇದು ಆಂಬುಲೆನ್ಸ್ ಜಾಗ. ಸತ್ತವರಿಗಲ್ಲ." ಒಳಗೆ ಬಗ್ಗಿ ತೆರೆದ ಮುಖ ನೋಡಿದ. ಕೈ ಇಳಿಯಿತು. "ಬಾದಾಮಿ ಅಜ್ಜಿ! ನಿನ್ನೆ ಸಂಜೆ ನನಗೆ ಬೈದು ಹೋದರಲ್ಲ." ಗೇಟು ಸರಿಸುತ್ತಾ, "ಹುಡುಗಿ ಬರಲಿ. ಆದರೆ ಜಾಗ ಖಾಲಿ ಕಂಡರೆ ಒಳಗಿನವರು ಹೆಸರು ಹೊಡೆದುಹಾಕ್ತಾರೆ. ಅದು ನನ್ನ ಕೈಲಿಲ್ಲ."

ಸಾಲ್ಹಾ ಆಗಲೇ ಇಳಿದಿದ್ದಳು. ಒಳಗೆ ಹೋಗಿ ಇಸ್ರಾಳ ಕೈಯಿಂದ ನಂಬರಿನ ಚೀಟಿ ತೆಗೆದುಕೊಂಡಳು.

"ಹೋಗು. ಮುತ್ತು ಕೊಟ್ಟು ನೀನೇ ಗಂಟು ಹಾಕು. ಬಿಗಿ ಮಾಡಬೇಡ, ಗೋರಿಯಲ್ಲಿ ಬಿಚ್ಚಬೇಕು."

ಹುಡುಗಿ ಎದ್ದ ಜಾಗದಲ್ಲಿ ಮುದುಕಿ ಕೂತಳು. ಆಚೀಚೆಯ ಮಕ್ಕಳು ಸರಿದು ಜಾಗ ಕೊಟ್ಟವು. ಒಬ್ಬಳು ಜೇಬಿನಿಂದ ಎರಡು ಬಾದಾಮಿ ತೆಗೆದು ಅವಳ ಮಡಿಲಿಗೆ ಹಾಕಿದಳು.

ಹುಡುಗಿ ಇನ್ನೂ ವ್ಯಾನಿನ ಬಳಿ ಇದ್ದಾಗಲೇ, ಕೊನೆಗೂ ಒಳಗಿನ ಬಾಗಿಲು ತೆರೆಯಿತು. ನರ್ಸು ಪಟ್ಟಿಯಿಂದ ತಲೆಯೆತ್ತದೆ ಕರೆದಳು. "ಇಸ್ರಾ. ಹದಿನೇಳು ವರ್ಷ."

"ಇದ್ದಾಳೆ," ಎಂದು ಸಾಲ್ಹಾ ಕರ್ಪೂರದ ವಾಸನೆಯ, ನೀರಿನಲ್ಲಿ ನೆನೆದು ಸುಕ್ಕಾದ ಕೈಯನ್ನು ಮೇಲೆತ್ತಿದಳು. ಬೆಂಚಿನಿಂದ ಮಾತ್ರ ಏಳಲಿಲ್ಲ.