ಮುಚ್ಚಿದ ಅಂಗಡಿಯ ಸುತ್ತಿಗೆ

ನನ್ನ ತಮ್ಮ ಚಪ್ಪಲಿ, ಬೂಟು ರಿಪೇರಿ ಮಾಡುತ್ತಿದ್ದ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದಷ್ಟು ಕಿರಿದಾದ ಮೆಟ್ಟಿಲು. ಒಂದು ಸಂಜೆ ಬೂಟಿನ ಅಟ್ಟೆಗೆ ಮೊಳೆ ಹೊಡೆಯುತ್ತಿದ್ದವನು ಎದೆ ಹಿಡಿದುಕೊಂಡು ಹಾಗೇ ಬೆಂಚಿನ ಮೇಲೆ ಬಾಗಿದ. ನಾವು ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡಿ ಬಂದ ದಿನ ಅಂಗಡಿಗೆ ಬೀಗ ಹಾಕಿದೆ. ಮೇಲೆ ಉಳಿದವರು ನಾನು ಮತ್ತು ಅವನ ಹೆಂಡತಿ. ನಾನು ಊರಿಗೇ ಬಾಯಿಬಡಕಿ, ಅವಳು ಬಾಯಿದ್ದೂ ಇಲ್ಲದಂಥವಳು.

ಬಂದವರೆಲ್ಲ "ದೇವರ ಚಿತ್ತ" ಅಂದು ಹೋದರು. ಅಷ್ಟೊಂದು ಚಿತ್ತವಿದ್ದರೆ ನಿಮ್ಮ ಮನೆಗೇ ಬರಬಹುದಿತ್ತಲ್ಲ ಎಂದು ನನ್ನ ನಾಲಿಗೆ ತುದಿಯಲ್ಲಿತ್ತು. ನಾನು ದೇವರ ಜೊತೆ ಮಾತು ಬಿಟ್ಟಿದ್ದೆ. ಅವಳೇ ನನ್ನನ್ನು ಭಾನುವಾರ ಭಾನುವಾರ ಚರ್ಚಿಗೆ ಎಳೆದುಕೊಂಡು ಹೋಗುತ್ತಿದ್ದಳು. "ಅತ್ತಿಗೆ, ಲೋಕದ ಕೊನೇ ದಿನ ಅವರು ಗೋರಿಯಿಂದ ಎದ್ದು ಬರ್ತಾರೆ. ಅಲ್ಲೀವರೆಗೂ ಕಾಯೋದು ತಾನೆ? ಕಾಯೋಣ," ಅನ್ನುತ್ತಿದ್ದಳು. ನನ್ನ ಸಿಟ್ಟು ಕರಗಿದ್ದು ಪಾದ್ರಿಗಳ ಬೋಧನೆಯಿಂದಲ್ಲ, ಅವಳ ಆ ಎರಡು ಮಾತಿನಿಂದ. ಅವಳ ನಂಬಿಕೆಯ ಆಸರೆಯಲ್ಲಿ ಕೂತೇ ನಾನು ಅಷ್ಟು ದಿನ ಉಸಿರಾಡಿದ್ದು.

ಆಮೇಲೆ ಸದ್ದು ಶುರುವಾಯಿತು.

ಹೊತ್ತು ಮುಳುಗುವಾಗ ಕೆಳಗಿನಿಂದ ಟಕ್ ಟಕ್. ಸ್ವಲ್ಪ ತಡೆ. ಮತ್ತೆ ಟಕ್ ಟಕ್. ಇಲಿ ಅಂದುಕೊಂಡೆ. ಆದರೆ ಬಾಯಲ್ಲಿ ಮೊಳೆಗಳನ್ನು ಕಚ್ಚಿಕೊಂಡು, ಎರಡು ಏಟು ಹಾಕಿ, ಇನ್ನೊಂದು ಮೊಳೆ ತೆಗೆಯಲು ತಡೆಯುವ ಇಲಿಯನ್ನು ಯಾರು ಕಂಡಿದ್ದಾರೆ? ಅದು ನನ್ನ ತಮ್ಮನ ಕೈ. ಆ ಕೈಯನ್ನು ಹಿಡಿದು ನಡೆಯಲು ಕಲಿಸಿದವಳು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ಅವಳ ಮುಖ ನೋಡಿದೆ. ಅವಳು ನಗುತ್ತಿದ್ದಳು.

ಅಂದಿನಿಂದ ದಿನಾ ಸಂಜೆ ಟೀ ಮಾಡಿ ಕೆಳಗೆ ಒಯ್ದು ಅಂಗಡಿಯ ಬಾಗಿಲ ಮುಂದಿಟ್ಟು, ಅದಕ್ಕೆ ಕಿವಿಗೊಟ್ಟು ಕೂರತೊಡಗಿದಳು. ಬೆಳಿಗ್ಗೆ ಲೋಟದಲ್ಲಿ ಕೆನೆಗಟ್ಟಿದ ಟೀ ಹಾಗೇ ಇರುತ್ತಿತ್ತು. ಚೆಲ್ಲಿ, ತೊಳೆದು, ಸಂಜೆ ಮತ್ತೆ ತುಂಬಿಸುತ್ತಿದ್ದಳು. ಮೈ ಸೊರಗಿ ಕಡ್ಡಿಯಾಯಿತು. ಭಾನುವಾರ ನಾನೇ ಹೊರಟು ನಿಂತು ಕರೆದರೆ ಅವಳು ಏಳಲಿಲ್ಲ.

"ಅವರು ಬಂದಾಯ್ತಲ್ಲ ಅತ್ತಿಗೆ. ಇನ್ನು ಯಾವ ಕೊನೇ ದಿನಕ್ಕೆ ಕಾಯ್ಬೇಕು? ಚರ್ಚು ಯಾಕೆ?"

ತಮ್ಮ ಸತ್ತ ದಿನ ಆಗದಷ್ಟು ಹೆದರಿಕೆ ನನಗೆ ಆಗ ಆಯಿತು. ಅವನನ್ನು ಮಣ್ಣಿಗೆ ಕೊಟ್ಟಿದ್ದೆವು. ಇವಳು ಕೂತಲ್ಲೇ ಕೈಬಿಟ್ಟು ಹೋಗುತ್ತಿದ್ದಳು.

ಅಂದು ಸಂಜೆ ಅವಳ ಹಿಂದೆಯೇ ಇಳಿದೆ. ಟಕ್ ಟಕ್ ಆಗಲೇ ಶುರುವಾಗಿತ್ತು. ಅವಳು ಟೀ ಲೋಟ ಇಟ್ಟಳು. ನನಗೆ ರೇಗಿತು.

"ಏ ಹುಡುಗಿ, ಇದನ್ನ ಎದ್ದು ಬರೋದು ಅಂತಾರಾ? ನಮ್ಮ ಸ್ವಾಮಿ ಶಿಲುಬೇಲಿ ಸತ್ತು ಗೋರಿಯಿಂದ ಎದ್ದು ಬಂದಾಗ ಎಲ್ಲರ ಮುಂದೆ ಕೂತು ಮೀನು ತಿಂದ. ಗೋರಿ ಮುಂದೆ ಅಳ್ತಿದ್ದವಳನ್ನ ಹೆಸರು ಹಿಡಿದು ಕರೆದ. ಈ ಟಕಟಕ ಏನು ತಿನ್ನುತ್ತೆ? ನಿನ್ನ ಒಂದು ಗುಟುಕು ಟೀ ಕುಡೀತಾ? ಬೀಗ ಹಾಕಿದ ಕೋಣೇಲಿ ಮೊಳೆ ಹೊಡ್ಕೊಂಡಿರೋದಕ್ಕೇ ನನ್ನ ತಮ್ಮ ಏಳೋದಾದ್ರೆ, ಅಂಥ ನಂಬಿಕೆನ ಕಸದ ಬುಟ್ಟಿಗೆ ಹಾಕು!"

"ಹಾಗನ್ಬೇಡಿ, ಕೇಳಿಸ್ಕೋತಾರೆ," ಅಂದಳು.

"ಕೇಳಿಸ್ಕೊಳ್ಳಲಿ. ಕರಿ ಅವನನ್ನ."

ಬೀಗ ತೆಗೆದೆ. ಬಾಗಿಲು ತಳ್ಳಿದರೆ ಚರ್ಮ, ಅಂಟಿನ ಹಳೇ ವಾಸನೆ. ಬೀದಿಯ ಬೆಳಕು ಕಿಟಕಿಯಿಂದ ಬೆಂಚಿನ ಮೇಲೆ ಬಿದ್ದಿತ್ತು. ಅಲ್ಲಿ ಯಾರೂ ಇರಲಿಲ್ಲ. ಸುತ್ತಿಗೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಅದರ ಮೇಲಿನ ಧೂಳು ಕೂಡ ಕದಲಿರಲಿಲ್ಲ. ಆದರೂ ಬೆಂಚಿನ ಮೇಲೆ, ನಮ್ಮ ಕಣ್ಣೆದುರಿಗೇ, ಟಕ್ ಟಕ್. ತಡೆ. ಟಕ್ ಟಕ್.

ಅವಳು ಹೊಸ್ತಿಲಲ್ಲೇ ನಿಂತು ಮೆಲ್ಲಗೆ "ರೀ" ಅಂದಳು.

ಆ ಒಂದು ಕರೆಗೆ ನನ್ನ ತಮ್ಮ ಎಂಥ ಕೆಲಸವಿದ್ದರೂ ಸುತ್ತಿಗೆ ಕೆಳಗಿಟ್ಟು, ಬಾಯ ತುಂಬ ಮೊಳೆ ಇಟ್ಟುಕೊಂಡೇ "ಹ್ಞೂಂ" ಅಂದು ತಿರುಗುತ್ತಿದ್ದ. ಹೆಂಡತಿಯ ಗುಲಾಮ ಎಂದು ನಾನೇ ಎಷ್ಟು ಸಲ ಆಡಿಕೊಂಡಿದ್ದೇನೆ. ಅವಳು ಮತ್ತೆ ಕರೆದಳು, ಈ ಸಲ ಜೋರಾಗಿ. ಸದ್ದು ಒಂದು ಏಟೂ ತಪ್ಪಲಿಲ್ಲ. ಅವಳು ಅಲ್ಲಿ ನಿಂತಿರುವುದೇ ಅದಕ್ಕೆ ಗೊತ್ತಿರಲಿಲ್ಲ.

ಅವಳ ಕೆನ್ನೆ ಒದ್ದೆಯಾಗಿತ್ತು. ಕೊನೆಗೆ ಬಾಗಿ ಲೋಟ ಎತ್ತಿಕೊಂಡಳು. "ಇದು ಅವರಲ್ಲ ಅತ್ತಿಗೆ," ಅಂದಳು. "ಅವರ ಕೈ ಗೊತ್ತು ಇದಕ್ಕೆ. ನಾನು ಗೊತ್ತಿಲ್ಲ." ತಾನೇ ಬಾಗಿಲು ಹಾಕಿ ಬೀಗ ಜಡಿದಳು. ಸದ್ದು ನಿಂತಿತು.

ಬಡಪಾಯಿ ಗೆದ್ದಳು ಎಂದುಕೊಂಡು ನಾನು ಅವಳ ಹಿಂದೆ ಮೆಟ್ಟಿಲು ಹತ್ತುತ್ತಿದ್ದೆ. ಅರ್ಧ ದಾರಿಯಲ್ಲಿ ಕೆಳಗಿನಿಂದ ಕೇಳಿಸಿತು.

"ಅಕ್ಕಾ."

ಅದೇ ದನಿ. ಹಸಿವಾದಾಗ ಅಡುಗೆಮನೆಯ ಬಾಗಿಲಿಗೆ ಬಂದು ಕರೆಯುತ್ತಿದ್ದನಲ್ಲ, ಅದೇ ರಾಗ. ಅಮ್ಮ ಸತ್ತ ಮೇಲೆ ಆ ಕರೆಗೆ ಅನ್ನ ಕಲಸಿ ತುತ್ತಿಟ್ಟವಳು ನಾನು. ನನ್ನ ಭಾಷಣ, ಮೀನು, ಗೋರಿ ಎಲ್ಲ ಒಂದೇ ಕ್ಷಣಕ್ಕೆ ಹಾರಿಹೋಯಿತು. ಒಂದು ಕಾಲು ಆಗಲೇ ಕೆಳಗಿನ ಮೆಟ್ಟಿಲ ಮೇಲಿತ್ತು. 'ಓ' ಅನ್ನುವುದು ಗಂಟಲಿಗೆ ಬಂದಿತ್ತು.

ಆ ಕಡ್ಡಿಯಂಥ ಕೈ ನನ್ನ ರಟ್ಟೆ ಹಿಡಿಯಿತು. ಅಷ್ಟು ಬಲ ಅವಳಿಗೆ ಎಲ್ಲಿಂದ ಬಂತೋ.

"ಬೇಡ ಅತ್ತಿಗೆ. ಅವರು ಬರುವಾಗ ಕತ್ತಲಲ್ಲಿ ಅಡಗಿ ಕರೆಯಲ್ಲ. ಹಗಲಲ್ಲಿ ಎದುರಿಗೆ ಬಂದು ನಿಲ್ತಾರೆ. ನಿಮ್ಮ ಕೈಯಲ್ಲಿ ಊಟ ಮಾಡ್ತಾರೆ."

"ಅಕ್ಕಾ... ಅಕ್ಕಾ," ಎಂದು ಅದು ಕರೆಯುತ್ತಲೇ ಇತ್ತು, ಅಳು ಬೆರೆಸಿ.

ನನ್ನನ್ನು ಮೇಲಕ್ಕೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ತಟ್ಟೆಯ ಮುಂದೆ ಕೂರಿಸಿದಳು. ಊಟದ ಪ್ರಾರ್ಥನೆಗೆ ನನ್ನ ಬಾಯಿ ಏಳಲಿಲ್ಲ. ತುಟಿ ಬಿಚ್ಚಿದರೆ ಎಲ್ಲಿ ಅವನಿಗೆ ಓಗೊಟ್ಟುಬಿಡುತ್ತೇನೋ ಎಂದು ಹಲ್ಲು ಕಚ್ಚಿ ಕೂತಿದ್ದೆ. ಇಬ್ಬರ ಪಾಲಿನ ಪ್ರಾರ್ಥನೆಯನ್ನೂ ಅವಳೇ ಹೇಳಿದಳು.