ನೆಲದ ಬೊಂಡಾಸ್

ಅಸ್ನಿಮಾರ್ ಕೀ ತಿರುಗಿಸಿದ್ದೇ ತಡ, ಬಸ್ಸಿನ ಹಿಂಬದಿಯಿಂದ ಕಾಡಿಗೆಯಂಥ ಹೊಗೆ ಎದ್ದು ಅಂಗಳವನ್ನೆಲ್ಲ ಮುಚ್ಚಿತು. ಅದರೊಳಗಿಂದ ಕೆಮ್ಮುತ್ತಲೇ ಚಪ್ಪಾಳೆ ತಟ್ಟುತ್ತ ಹೊರಬಂದವರು ಅವಳ ಸೋದರಮಾವ ಬುಸ್ತಾಮಾಮ್.

"ನೋಡ್ದ್ಯಾ? ನಮ್ಮ ಬೊಂಡಾಸ್ ಮತ್ತೆ ಬದುಕ್ತು!"

ಪಾಯಕುಂಬುಹ್ ಊರಿನ ಕಡೆ ಕರಿ ಹೊಗೆ ಉಗುಳುವ ಬಸ್ಸನ್ನು, ಕಡಲಲ್ಲಿ ಮಸಿ ಕಾರುವ ಬೊಂಡಾಸ್ ಮೀನಿನ ಹೆಸರಿಟ್ಟು, ನೆಲದ ಬೊಂಡಾಸ್ ಎಂದು ಆಡಿಕೊಳ್ಳುತ್ತಾರೆ. ಊರಿಗೆ ಅದು ಗೇಲಿ, ಮಾವನಿಗೆ ಮಾತ್ರ ಬಿರುದು.

ಅಸ್ನಿಮಾರ್ ಇಂಜಿನ್ ನಿಲ್ಲಿಸಿ ಕೆಳಗೆ ಧುಮುಕಿದಳು. "ಏನ್ ಮಾಡಿಟ್ರಿ ಮಾವ? ಇವತ್ತೇ ಹೊಗೆ ಪರೀಕ್ಷೆ! ಫೇಲಾದ್ರೆ ಪರ್ಮಿಟ್ ಹೋಯ್ತು. ಅಮ್ಮನ ಬಸ್ಸು ಸೀದಾ ಗುಜರಿಗೆ."

"ನಾನೇನ್ ಹಾಳು ಮಾಡಿದ್ನಾ? ನಿನ್ನೆ ಹೊಗೆ ಕೊಳವೆಗೆ ಬೆರಳು ಹಾಕ್ದೆ. ಕಪ್ಪೇ ಇಲ್ಲ ಕಣೇ, ತೆಳ್ಳಗೆ ಬೂದಿ ಬಣ್ಣ. ಪಾಪ, ಹಸ್ಕೊಂಡಿದೆ ಅಂತ ಡೀಸೆಲ್ ಪಂಪಿನ ತಿರುಪು ಒಂಚೂರು ಬಿಟ್ಟೆ, ಅಷ್ಟೇ."

ಬೆರಳಿಗೆ ಹತ್ತಿದ ಮಸಿ ನೋಡಿ ಇಂಜಿನ್ನಿನ ಯೋಗಕ್ಷೇಮ ಹೇಳುವುದು ಹಳೇ ಕಾಲದ ಮೆಕ್ಯಾನಿಕ್ಕುಗಳ ವಿದ್ಯೆ. ಆಗ ಈ ಬಸ್ಸು ಅವರ ಅಕ್ಕ, ಅಸ್ನಿಮಾರ್‌ಳ ಅಮ್ಮ ರೋಸ್ಮಾಯಿನಾರಳದು. ಬುಸ್ತಾಮಾಮ್ ಅದಕ್ಕೆ ಮೆಕ್ಯಾನಿಕ್ಕೂ ಹೌದು, ಚಾಲಕರೂ ಹೌದು. ಘಾಟಿಯ ತಿರುವಿನಲ್ಲಿ ಅಕ್ಕನ ಅಂಗಡಿ. ಕೆಳಗೆ ತೆಂಗಿನ ಮರಗಳ ಮೇಲೆ ಕಪ್ಪು ಹೊಗೆ ಏಳುವುದು ಕಂಡರೆ ಸಾಕು, ಅವಳು ಆ ಕಡೆಯವರ ಮೊಟ್ಟೆ ಚಹಾಕ್ಕೆಂದು ಮೊಟ್ಟೆ ಒಡೆದು ಕಡೆಯಲು ಶುರು ಮಾಡುತ್ತಿದ್ದಳು. ತಮ್ಮ ಬಂದು ಬ್ರೇಕ್ ಹಾಕುವ ಹೊತ್ತಿಗೆ ನೊರೆ ಲೋಟದ ಕಂಠಕ್ಕೆ ಬಂದಿರುತ್ತಿತ್ತು. ಅಕ್ಕ ಹೋದಮೇಲೆ ಅಂಥ ಚಹಾ ಅವರಿಗೆ ಯಾರೂ ಕೊಟ್ಟಿಲ್ಲ.

"ಮಾವ, ಈಗಿನ ಡೀಸೆಲ್‌ನಲ್ಲಿ ಅರ್ಧದ ಹತ್ತಿರ ತಾಳೆ ಎಣ್ಣೆಯದು. ಮಸಿ ಬರೋದೇ ಕಮ್ಮಿ. ಬಂದಿದ್ದೂ ಬೇಗ ಉರಿದು ಹೋಗುತ್ತೆ."

"ಮಸಿ ಉರಿಯೋದೇನೇ? ಉರಿದು ಮಿಕ್ಕಿದ್ದನ್ನೇ ಮಸಿ ಅನ್ನೋದು!"

ವಾದ ಮಾಡಿ ಇವರನ್ನು ಗೆದ್ದವರಿಲ್ಲವೆಂದು ಅಸ್ನಿಮಾರ್‌ಗೆ ಗೊತ್ತು. ಶೆಡ್ಡಿನ ಹಿಂದೆ ಬಿಸಾಡಿದ್ದ ಹಳೇ ಸೈಲೆನ್ಸರಿನಿಂದ ಒಂದು ಚಿಟಿಕೆ, ಈಗಿನದರಿಂದ ಒಂದು ಚಿಟಿಕೆ ಮಸಿ ಕೆರೆದು, ತಗಡಿನ ಮುಚ್ಚಳದ ಎರಡು ಬದಿಗೆ ಇಟ್ಟು, ಇದ್ದಿಲೊಲೆಯ ಮೇಲಿಟ್ಟು ಬೀಸತೊಡಗಿದಳು. ಮುಚ್ಚಳ ಕೆಂಪಗೆ ಕಾಯಿತು. ಹೊಸ ಮಸಿಯ ಅಂಚಿನಲ್ಲಿ ಕೆಂಡದ ಗೆರೆಯೊಂದು ಹರಿದಾಡಿ, ನೋಡನೋಡುತ್ತಲೇ ಅಷ್ಟೂ ಬೂದಿಯಾಯಿತು. ಹಳೆಯದು ಕಪ್ಪಗೆ ಕೂತೇ ಇತ್ತು.

"ನಮ್ಮ ಅಕ್ಕನ ಕಾಲದ್ದು. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ," ಎಂದರು ಮಾವ ಹೆಮ್ಮೆಯಿಂದ.

"ಅದಕ್ಕೇ ಅಲ್ವಾ ಮಾವ, ಪರೀಕ್ಷೆಯಲ್ಲಿ ಪಾಸಾಗಲ್ಲ ಅದು."

ಅವರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಆ ಕಪ್ಪೂ ಹೋದರೆ ಅಕ್ಕ ಇನ್ನೊಂದು ಸಲ ಸತ್ತಂತೆ ಎನಿಸಿತು. ಆದರೆ ಬಸ್ಸೇ ಹೋದರೆ? ಮೊಣಕಾಲು ಹಿಡಿದು ಎದ್ದರು, ಸ್ಪ್ಯಾನರ್ ತಂದರು, ತಿರುಪನ್ನು ತಾವೇ ಮೊದಲಿನ ಜಾಗಕ್ಕೆ ತಂದು ಬಿಗಿ ಮಾಡಿದರು.

ಪರೀಕ್ಷಾ ಕೇಂದ್ರದಲ್ಲಿ ಅಧಿಕಾರಿ ಹೊಗೆ ಕೊಳವೆಗೆ ಅಳೆಯುವ ಯಂತ್ರದ ನಳಿಗೆ ಸಿಕ್ಕಿಸಿ, "ಒತ್ತಮ್ಮಾ," ಎಂದ. ಅಸ್ನಿಮಾರ್ ಪೆಡಲನ್ನು ತಳಮುಟ್ಟ ಒತ್ತಿದಳು. ಇಂಜಿನ್ ಗರ್ಜಿಸಿತು. ಸರದಿಯಲ್ಲಿದ್ದವರೆಲ್ಲ ಅಭ್ಯಾಸದಂತೆ ಮೂಗು ಮುಚ್ಚಿ ಪಕ್ಕಕ್ಕೆ ಸರಿದರು. ಬುಸ್ತಾಮಾಮ್ ಮಾತ್ರ ಬಸ್ಸಿನ ಹಿಂದೆಯೇ ನಿಂತಿದ್ದರು.

"ಪಾಸು. ಮುಂದಿನ ಗಾಡಿ!"

ಅಸ್ನಿಮಾರ್ ನಗುತ್ತ ಓಡಿಬಂದಳು. ಮಾವ ಅಂಗೈಯಿಂದ ಕಣ್ಣು ತಿಕ್ಕುತ್ತಿದ್ದರು.

"ಏನಾಯ್ತು ಮಾವ?"

"ಏನಿಲ್ಲ ಬಿಡು. ಹೊಗೆ."

ಅವಳು ಬಸ್ಸಿನ ಹಿಂದಕ್ಕೆ ನೋಡಿದಳು. ಬಿಸಿಲು ನಿಚ್ಚಳವಾಗಿತ್ತು, ಬೇಲಿಯಾಚೆಯ ಭತ್ತದ ಗದ್ದೆ ತೆನೆತೆನೆಯಾಗಿ ಕಾಣುತ್ತಿತ್ತು.

"ಹೌದು ಮಾವ, ಇವತ್ತು ಜಾಸ್ತಿನೇ ಇದೆ," ಎಂದು ತನ್ನ ತಲೆವಸ್ತ್ರದ ತುದಿಯನ್ನು ಅವರ ಕೈಗೆ ಕೊಟ್ಟಳು.